ಕೂಲಿಮಠದಿಂದ ನಲಿ-ಕಲಿಯವರೆಗೆ: ಒಂದೊಂದು ಮಗುವಿಗೂ ಕಲಿಸಿದವರ ಕಥೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕು ಎಂದು ಸಮಿತಿಯವರು ಫೋನ್ ಮಾಡಿದಾಗ, ಶಾಲೆಯ ದಿನಗಳ ನಾಲ್ಕು ನೆನಪು ಬರೆದು ಕಳಿಸಿದರಾಯಿತು ಎಂದುಕೊಂಡಿದ್ದೆ. ಬರೆಯಲು ಕೂತಾಗ ಮೊದಲು ನೆನಪಾದದ್ದು ನಮ್ಮ ಗಣಿತದ ಸರ್ ಅವರ ಜೇಬಿನಲ್ಲಿರುತ್ತಿದ್ದ ಒಂದು ಸಣ್ಣ ನೋಟ್‌ಬುಕ್. ಅದರ ಹಿಂದೆ ಹೋಗಿ ನಾನು ಒಂದಿಷ್ಟು ಇತಿಹಾಸ ಓದಬೇಕಾಯಿತು. ನಾನು ಇತಿಹಾಸಕಾರನಲ್ಲ, ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ತಪ್ಪಿದ್ದರೆ ಹಿರಿಯರು, ಗುರುಗಳು ತಿದ್ದಬೇಕು.

1999ರ ಜೂನ್‌ನಲ್ಲಿ ನಾನು ನಮ್ಮ ಶಾಲೆಗೆ ಎಂಟನೇ ತರಗತಿಗೆ ಸೇರಿದೆ. ಸುತ್ತಲಿನ ಐದಾರು ಹಳ್ಳಿಗಳಿಂದ ಬಂದ ಎಪ್ಪತ್ತಕ್ಕೂ ಹೆಚ್ಚು ಮಕ್ಕಳು ಒಂದೇ ಕೋಣೆಯಲ್ಲಿದ್ದೆವು. ಮೊದಲ ವಾರ ಗಣಿತದ ಸರ್ ಪಾಠ ಮಾಡಲಿಲ್ಲ. ಬೋರ್ಡಿನ ಮೇಲೆ ಹತ್ತು ಲೆಕ್ಕ ಬರೆದರು. ಅವು ಎಂಟನೇ ತರಗತಿಯ ಲೆಕ್ಕಗಳಲ್ಲ. ಮೂರನೇ ತರಗತಿಯ ಕಳೆಯುವ ಲೆಕ್ಕದಿಂದ ಹಿಡಿದು ಏಳನೇ ತರಗತಿಯವರೆಗೆ ಒಂದೊಂದು ಮೆಟ್ಟಿಲಿನ ಹಾಗೆ ಇದ್ದವು. ನಾನು ಭಿನ್ನರಾಶಿಗೆ ಬಂದು ನಿಂತೆ. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಬರೆದಿದ್ದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು!

ಸರ್ ನಗಲಿಲ್ಲ, ಬೈಯಲೂ ಇಲ್ಲ. ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿನ ಮುಂದೆ ಏನೋ ಬರೆದುಕೊಂಡರು. ಸಂಜೆ ಕರೆದು, "ಅರ್ಧ ರೊಟ್ಟಿ ನಿನ್ನ ತಟ್ಟೆಯಲ್ಲಿತ್ತು. ನಿಮ್ಮವ್ವ ಇನ್ನೊಂದು ತುಂಡು ಹಾಕಿದಳು. ಈಗ ನಿನ್ನ ಉತ್ತರ ನೋಡಿದರೆ ಅರ್ಧಕ್ಕಿಂತ ಕಮ್ಮಿ ಆಗಿದೆಯಲ್ಲ, ಯಾರು ತಿಂದರು?" ಎಂದು ಕೇಳಿದರು. ನನಗೆ ಅಂದು ಮೊದಲ ಸಲ ಭಿನ್ನರಾಶಿ ಎಂದರೆ ರೊಟ್ಟಿಯ ತುಂಡು ಎಂದು ಹೊಳೆಯಿತು. "ನೀನು ಕೂತಿರೋದು ಎಂಟನೇ ಕ್ಲಾಸಿನಲ್ಲಿ. ನಿನ್ನ ಲೆಕ್ಕ ನಿಂತಿರೋದು ಐದನೇ ಕ್ಲಾಸಿನಲ್ಲಿ. ಅಲ್ಲಿಂದಲೇ ಶುರು ಮಾಡೋಣ" ಎಂದರು. ಸಂಜೆಯ ಗಂಟೆ ಹೊಡೆದ ಮೇಲೆ ಮುಕ್ಕಾಲು ಗಂಟೆ, ಐದನೇ ತರಗತಿಯ ಪುಸ್ತಕದಿಂದ ಶುರುವಾಯಿತು. ಡಿಸೆಂಬರ್ ಹೊತ್ತಿಗೆ ನಾನು ಉಳಿದವರ ಜೊತೆ ಬಂದು ಸೇರಿದ್ದೆ.

ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯನೊಬ್ಬನಿದ್ದ. ಬಾಯಿಲೆಕ್ಕದಲ್ಲಿ ನನಗಿಂತ ಚುರುಕು. ದೀಪಾವಳಿ ಮುಗಿದ ಮೇಲೆ ಅವರ ಮನೆಯವರೆಲ್ಲ ಕಾಫಿ ಸೀಮೆಗೆ ಗುಳೆ ಹೋಗುತ್ತಿದ್ದರು, ಅವನೂ ಹೋಗುತ್ತಿದ್ದ. ಮರಳಿ ಬರುವಾಗ ವಾರ್ಷಿಕ ಪರೀಕ್ಷೆ ಹತ್ತಿರವಾಗಿರುತ್ತಿತ್ತು. ಸರ್ ನೋಟ್‌ಬುಕ್ಕಿನಲ್ಲಿ ಅವನಿಗೂ ಒಂದು ಪುಟವಿತ್ತು. ತುಂಬಿಸಲು ಸಂಜೆಗಳೇ ಸಿಗಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದೇ ವಿಷಯದಲ್ಲಿ ನಪಾಸಾಗಿ ಓದು ಬಿಟ್ಟ. ನಾನು ಇಂಜಿನಿಯರಾದೆ. ನಮ್ಮಿಬ್ಬರ ನಡುವೆ ಇದ್ದದ್ದು ಬುದ್ಧಿಯ ಅಂತರವಲ್ಲ, ಮೂರು ತಿಂಗಳ ಅಂತರ.

ಎಲ್ಲರಿಗೂ ಒಂದೇ ಪಾಠ, ಒಂದೇ ದಿನ, ಒಂದೇ ವೇಗ ಎನ್ನುವ ಪದ್ಧತಿ ಎಲ್ಲಿಂದ ಬಂತು? ನಮ್ಮ ಸರ್ ಮಾಡಿದಂಥ ಕೆಲಸವನ್ನು ಅವರಿಗಿಂತ ಮುಂಚೆ ಯಾರು ಮಾಡಿದ್ದರು? ಇದನ್ನು ಹುಡುಕುತ್ತ ಹೋದವನಿಗೆ ಮೊದಲ ಉತ್ತರ ಸಿಕ್ಕಿದ್ದು ನಮ್ಮ ಬಳ್ಳಾರಿ ಸೀಮೆಯಲ್ಲೇ.

1823ರ ಬಳ್ಳಾರಿ

ನಮ್ಮ ತಾಲ್ಲೂಕು ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಮೊದಲು ಬಳ್ಳಾರಿ ಜಿಲ್ಲೆ, ಅದಕ್ಕೂ ಮೊದಲು ಅದು ಮದರಾಸು ಪ್ರಾಂತ್ಯದ ಭಾಗ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಪ್ರತಿ ಜಿಲ್ಲೆಯಲ್ಲೂ ಎಷ್ಟು ಶಾಲೆಗಳಿವೆ, ಯಾರು ಓದುತ್ತಾರೆ ಎಂದು ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಬೇರೆ ಬಹಳ ಜಿಲ್ಲೆಗಳವರು ಅಂಕಿಗಳನ್ನಷ್ಟೇ ಕಳಿಸಿದ್ದರು. ಕ್ಯಾಂಪ್‌ಬೆಲ್ ಶಾಲೆಯೊಳಗೆ ಏನು ನಡೆಯುತ್ತದೆ ಎಂಬುದನ್ನೂ ವಿವರವಾಗಿ ಬರೆದ. ಧರ್ಮಪಾಲ್ ಅವರು 1983ರಲ್ಲಿ ಪ್ರಕಟಿಸಿದ 'ದಿ ಬ್ಯೂಟಿಫುಲ್ ಟ್ರೀ' ಎಂಬ ಇಂಗ್ಲಿಷ್ ಪುಸ್ತಕದಲ್ಲಿ ಆ ವರದಿ ಸಿಗುತ್ತದೆ.

ಆಗ ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಅಂದರೆ ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಉಳಿದವು ಸಂಸ್ಕೃತ, ಮರಾಠಿ, ಪಾರಸಿ, ತಮಿಳು, ಇಂಗ್ಲಿಷ್. ನಮ್ಮ ಹಿರಿಯರು ಕೂಲಿಮಠ, ಐಗಳ ಮಠ ಎಂದು ಕರೆಯುತ್ತಿದ್ದದ್ದು ಇಂಥ ಶಾಲೆಗಳನ್ನೇ. ಗುಡಿಯ ಜಗಲಿ, ಯಾರದೋ ಮನೆಯ ಪಡಸಾಲೆ, ಮರದ ನೆರಳು ಇವೇ ಅವುಗಳ ಕಟ್ಟಡ.

ಮಗುವಿಗೆ ಐದು ವರ್ಷವಾದಾಗ ಗಣಪತಿ ಪೂಜೆ ಮಾಡಿ, ಅಕ್ಕಿಯಲ್ಲಿ ಬೆರಳಿನಿಂದ ಬರೆಸಿ ಶಾಲೆಗೆ ಸೇರಿಸುತ್ತಿದ್ದರು. ಬೆಳಗ್ಗೆ ಆರಕ್ಕೆ ಶಾಲೆ ಶುರು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಕ್ಕಾಗಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ. ಮೂರನೆಯವನಿಂದ ಪೆಟ್ಟು ಶುರು, ತಡವಾದಷ್ಟೂ ಪೆಟ್ಟು ಹೆಚ್ಚು. ಮಳೆಗಾಲದ ಕೆಸರಿನಲ್ಲಿ ಮೂರು ಮೈಲಿ ನಡೆದು ಬಂದು ಪ್ರಾರ್ಥನೆ ತಪ್ಪಿಸಿಕೊಂಡ ನಮ್ಮ ಬ್ಯಾಚಿನವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ!

ನನ್ನ ಪ್ರಶ್ನೆಗೆ ಉತ್ತರ ಇದರ ಮುಂದಿದೆ. ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ಗುಂಪುಗಳಿರುತ್ತಿದ್ದವು. ಕೆಳಗಿನ ಗುಂಪುಗಳನ್ನು ಮುಂದುವರಿದ ಹುಡುಗರು ನೋಡಿಕೊಳ್ಳುತ್ತಿದ್ದರು. ಮೇಲಿನವರಿಗೆ ಗುರುಗಳೇ ಕಲಿಸುತ್ತಿದ್ದರು, ಜೊತೆಗೆ ಇಡೀ ಶಾಲೆಯ ಮೇಲೆ ಅವರ ಕಣ್ಣಿರುತ್ತಿತ್ತು. ಮಗು ಒಂದು ಗುಂಪಿನಿಂದ ಮೇಲಿನ ಗುಂಪಿಗೆ ಹೋಗುತ್ತಿದ್ದದ್ದು ಜೂನ್ ತಿಂಗಳು ಬಂತೆಂದು ಅಲ್ಲ, ವಯಸ್ಸಾಯಿತೆಂದೂ ಅಲ್ಲ. ಅದರ ಶಕ್ತಿ ಮತ್ತು ಕಲಿಕೆ ನೋಡಿ. ಒಂದೇ ಜಗಲಿಯ ಮೇಲೆ ಒಂದು ಮಗು ಮರಳಿನಲ್ಲಿ ಅಕ್ಷರ ತಿದ್ದುತ್ತಿದ್ದರೆ, ಪಕ್ಕದ ಮಗು ಮಗ್ಗಿ ಹೇಳುತ್ತಿತ್ತು, ಆಚೆಯ ಹುಡುಗ ಓಲೆಗರಿ ಓದುತ್ತಿದ್ದ. ದೊಡ್ಡವರು ಚಿಕ್ಕವರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುವ ಈ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡು, ಇಂಗ್ಲೆಂಡಿನಲ್ಲಿ ಅದನ್ನು ಅನುಸರಿಸಿದ್ದು ಸರಿಯೇ ಎಂದು ಬರೆದ.

ಹಾಗೆಂದು ಕೂಲಿಮಠವನ್ನು ಸ್ವರ್ಗ ಮಾಡಬೇಕಿಲ್ಲ. ಅರ್ಥ ತಿಳಿಯದ ಪದ್ಯಗಳನ್ನು ಗಿಳಿಪಾಠ ಮಾಡಿಸುತ್ತಾರೆ ಎಂದು ಕ್ಯಾಂಪ್‌ಬೆಲ್ ದೂರಿದ್ದಾನೆ. ಶಿಕ್ಷೆಗಳು ಕ್ರೂರವಾಗಿದ್ದವು. ಆ 6,641 ಮಕ್ಕಳಲ್ಲಿ ಹುಡುಗಿಯರು ಕೇವಲ 60. ನಮ್ಮ ಶಾಲೆಯಲ್ಲಿ ನನ್ನ ಜೊತೆ ಕೂತಿದ್ದ ಬಹಳಷ್ಟು ಮಕ್ಕಳ ಮುತ್ತಾತಂದಿರಿಗೆ ಆ ಜಗಲಿ ಹತ್ತುವ ಅವಕಾಶವೇ ಇರಲಿಲ್ಲ. ಇನ್ನೊಂದು ಮಾತನ್ನೂ ಕ್ಯಾಂಪ್‌ಬೆಲ್ ಬರೆದಿದ್ದಾನೆ: ಬಡತನ ಹೆಚ್ಚಿದ್ದರಿಂದ ಜನರಿಗೆ ಮಕ್ಕಳನ್ನು ಓದಿಸಲು ಆಗುತ್ತಿಲ್ಲ, ಎಳೆಯ ಕೈಕಾಲಿಗೆ ಸ್ವಲ್ಪ ಬಲ ಬಂದ ಕೂಡಲೇ ದುಡಿಮೆಗೆ ಹಚ್ಚಬೇಕಾಗಿದೆ, ಮೊದಲು ಶಾಲೆಗಳಿದ್ದ ಎಷ್ಟೋ ಊರುಗಳಲ್ಲಿ ಈಗ ಇಲ್ಲ ಎಂದು. ಇದನ್ನು ಓದುವಾಗ ನನಗೆ ಬೆಂಚಿನ ಗೆಳೆಯ ನೆನಪಾದ.

ಮರಳಿನ ಪಾಠ ಲಂಡನ್ನಿಗೆ ಹೋದದ್ದು

ಇಂಗ್ಲೆಂಡಿನಲ್ಲಿ ಇದನ್ನು ಅನುಸರಿಸಿದ್ದು ಹೇಗೆ? ಅದು ಕ್ಯಾಂಪ್‌ಬೆಲ್ ವರದಿಗಿಂತ ಸುಮಾರು ಮೂವತ್ತು ವರ್ಷ ಹಿಂದಿನ ಮಾತು. ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್ 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿದ್ದ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕನಾದ. ಒಂದು ದಿನ ಹೊರಗೆ ಹೋಗಿದ್ದಾಗ ನಾಡಶಾಲೆಯೊಂದರ ಮಕ್ಕಳು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ಬರೆಯುವುದನ್ನು ನೋಡಿದ. ತನ್ನ ಶಾಲೆಯಲ್ಲೂ ಹಾಗೇ ಮಾಡಿ ಎಂದು ಉಪಾಧ್ಯಾಯರಿಗೆ ಹೇಳಿದ. ಅವರು ಒಪ್ಪಲಿಲ್ಲ. ಕೊನೆಗೆ ಎಂಟು ವರ್ಷದ ಒಬ್ಬ ಹುಡುಗನಿಗೆ ಆ ಕೆಲಸ ಒಪ್ಪಿಸಿದ. ದೊಡ್ಡವರು ಆಗದು ಎಂದದ್ದನ್ನು ಆ ಹುಡುಗ ಮಾಡಿ ತೋರಿಸಿದ. ಬೆಲ್ ತನ್ನ ದೇಶಕ್ಕೆ ಹಿಂತಿರುಗಿ 1797ರಲ್ಲಿ ಲಂಡನ್ನಿನಲ್ಲಿ ಈ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಅದಕ್ಕೆ 'ಮದರಾಸು ಪದ್ಧತಿ' ಎಂದೇ ಹೆಸರಾಯಿತು. ಇತ್ತ 1798ರಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬ ತರುಣ ಲಂಡನ್ನಿನಲ್ಲಿ ಬಡಮಕ್ಕಳಿಗೆ ಶಾಲೆ ತೆರೆದು, ಹುಡುಗರಿಂದಲೇ ಹುಡುಗರಿಗೆ ಕಲಿಸುವ ಪದ್ಧತಿಯನ್ನು ಬೆಳೆಸಿದ. ಅಲ್ಲಿಂದ ಅದು ಹಲವು ದೇಶಗಳಿಗೆ ಹರಡಿತು.

ಹೀಗೆ ಹರಡುವಾಗ ಅದರ ಗುರಿ ಬದಲಾಯಿತು. ಬಳ್ಳಾರಿಯ ಜಗಲಿಯಲ್ಲಿ ಹನ್ನೆರಡು ಮಕ್ಕಳಿಗೆ ಒಬ್ಬ ಗುರು ಇದ್ದ, ಸಹಾಯಕ್ಕೆ ಹಿರಿಯ ಹುಡುಗರಿದ್ದರು. ಲಂಡನ್ನಿನಲ್ಲಿ ನೂರಾರು ಮಕ್ಕಳಿಗೆ ಒಬ್ಬ ಉಪಾಧ್ಯಾಯ, ಉಳಿದ ಕೆಲಸವೆಲ್ಲ ಹುಡುಗರದು. ಸಾವಿರ ಮಕ್ಕಳಿಗೂ ಒಬ್ಬನೇ ಸಾಕು ಎನ್ನುವ ಮಾತೂ ಬಂತು. ಅಲ್ಲೂ ಮಟ್ಟ ನೋಡಿ ಸಣ್ಣ ಗುಂಪುಗಳನ್ನು ಮಾಡುತ್ತಿದ್ದರು ನಿಜ. ಆದರೆ ಸಾಲಾಗಿ ನಿಲ್ಲುವುದು, ಗಂಟೆಗೆ ತಿರುಗುವುದು, ಅಪ್ಪಣೆಗೆ ಸ್ಲೇಟು ಎತ್ತುವುದು ಇವೇ ಮುಖ್ಯವಾದವು. ಕಡಿಮೆ ಖರ್ಚಿನಲ್ಲಿ ಹೆಚ್ಚು ಮಕ್ಕಳು ಎನ್ನುವುದೇ ಹೆಗ್ಗಳಿಕೆಯಾಯಿತು.

'ಸ್ಟ್ಯಾಂಡರ್ಡ್' ಎಂಬ ಮಾತು

ನಮ್ಮ ಅಜ್ಜಂದಿರು "ನಾನು ಎಂಟನೇ ಸ್ಟ್ಯಾಂಡರ್ಡ್ ಓದಿದೀನಿ" ಎನ್ನುತ್ತಿದ್ದರು. ಈ ಸ್ಟ್ಯಾಂಡರ್ಡ್ ಎಂಬ ಮಾತು ಶಾಲೆಗೆ ಬಂದದ್ದು ಇಂಗ್ಲೆಂಡಿನಲ್ಲಿ 1862ರಲ್ಲಿ ಜಾರಿಗೆ ಬಂದ ನಿಯಮಾವಳಿಯಿಂದ. ಓದು, ಬರಹ, ಲೆಕ್ಕಕ್ಕೆ ಆರು ಮಟ್ಟಗಳನ್ನು ಗೊತ್ತುಮಾಡಿದರು. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಬಂದು ಪರೀಕ್ಷೆ ಮಾಡುತ್ತಿದ್ದ. ಎಷ್ಟು ಮಕ್ಕಳು ಪಾಸಾದರೋ ಅದರ ಮೇಲೆ ಶಾಲೆಗೆ ಅನುದಾನ. ಮಗು ತನ್ನ ವೇಗದಲ್ಲಿ ಮೇಲೇರುವುದು ಹೋಗಿ, ವರ್ಷಕ್ಕೊಂದು ಮೆಟ್ಟಿಲು ಎಂಬ ಲೆಕ್ಕ ಬಂತು. ಅದಕ್ಕೂ ಮುಂಚೆ, 1848ರಲ್ಲಿ, ಅಮೆರಿಕದ ಬಾಸ್ಟನ್ನಿನ ಕ್ವಿನ್ಸಿ ಶಾಲೆಯಲ್ಲಿ ತರಗತಿಗೊಂದು ಕೋಣೆ, ಕೋಣೆಗೊಬ್ಬ ಉಪಾಧ್ಯಾಯ ಎಂಬ ಏರ್ಪಾಡು ಆಗಿತ್ತು. ಇಂದು ನಾವು ಶಾಲೆ ಎಂದಾಗ ಕಣ್ಣಮುಂದೆ ಬರುವ ಚಿತ್ರ ಇದೇ. ಅನಾದಿ ಕಾಲದಿಂದ ಹೀಗೇ ಇತ್ತು ಎಂದು ನಾನು ಭಾವಿಸಿದ್ದೆ. ಅದಕ್ಕೆ ಇನ್ನೂ ಇನ್ನೂರು ವರ್ಷವೂ ಆಗಿಲ್ಲ.

ಈ ಪದ್ಧತಿಯಿಂದ ಲಾಭವಾಗಲಿಲ್ಲ ಎನ್ನಲಾರೆ. ಎಲ್ಲ ಜಾತಿಯ, ಎಲ್ಲ ಮನೆಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಂದೇ ಪುಸ್ತಕ ಕೊಟ್ಟು, ಒಂದೇ ಪರೀಕ್ಷೆ ಬರೆಸುವ ನಮ್ಮ ಸರ್ಕಾರಿ ಶಾಲೆ ದೊಡ್ಡ ಸಾಧನೆ. ಅದಿಲ್ಲದೆ ನಾನಿಲ್ಲ. ಆದರೆ ಒಂದೇ ಕೋಣೆಯಲ್ಲಿ ಕೂತ ಮಾತ್ರಕ್ಕೆ ಎಲ್ಲರೂ ಒಂದೇ ಕಡೆ ನಿಂತಿರುವುದಿಲ್ಲ.

ಮತ್ತೆ ಒಬ್ಬೊಬ್ಬರ ಕಡೆಗೆ

ತರಗತಿಯ ಈ ಬಿಗಿಯನ್ನು ಸಡಿಲಿಸಲು ಮೊದಲು ದೊಡ್ಡದಾಗಿ ಪ್ರಯತ್ನಿಸಿದವರಲ್ಲಿ ಇಬ್ಬರು ಅಮೆರಿಕದವರು. ಷಿಕಾಗೊ ಪಕ್ಕದ ವಿನೆಟ್ಕಾ ಊರಿನ ಶಾಲೆಗಳ ಮುಖ್ಯಸ್ಥನಾಗಿ 1919ರಲ್ಲಿ ಬಂದ ಕಾರ್ಲ್‌ಟನ್ ವಾಷ್‌ಬರ್ನ್ ದಿನದ ಕೆಲಸವನ್ನು ಎರಡು ಪಾಲು ಮಾಡಿದ. ಒಂದು ಪಾಲಿನಲ್ಲಿ ಓದು, ಬರಹ, ಲೆಕ್ಕ. ಇದನ್ನು ಪ್ರತಿ ಮಗುವೂ ತನ್ನ ವೇಗದಲ್ಲಿ, ತಾನೇ ತಿದ್ದಿಕೊಳ್ಳಬಹುದಾದ ಪುಸ್ತಕಗಳಿಂದ ಕಲಿಯಬೇಕು. ಒಂದು ಗುರಿ ಮುಟ್ಟಿದ ಮೇಲೆ ಮುಂದಿನದು. ಪ್ರತಿ ಮಗುವಿಗೂ ಗುರಿಗಳ ಪಟ್ಟಿಯ ಒಂದು ಕಾರ್ಡು. ಒಂದೇ ಮಗು ಲೆಕ್ಕದಲ್ಲಿ ನಾಲ್ಕನೇ ತರಗತಿಯಲ್ಲೂ ಓದಿನಲ್ಲಿ ಆರನೇ ತರಗತಿಯಲ್ಲೂ ಇರಬಹುದಿತ್ತು. ಇನ್ನೊಂದು ಪಾಲಿನಲ್ಲಿ ಆಟ, ಹಾಡು, ನಾಟಕ, ಚರ್ಚೆ. ಅವು ಎಲ್ಲರೂ ಕೂಡಿ ಮಾಡುವಂಥವು. ಒಬ್ಬೊಬ್ಬರಿಗೂ ಕಲಿಸುವುದೆಂದರೆ ಮಕ್ಕಳನ್ನು ಒಂಟಿ ಮಾಡುವುದಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಹೆಲೆನ್ ಪಾರ್ಕ್‌ಹರ್ಸ್ಟ್ ಎಂಬಾಕೆ ಕೆಲಸದ ಆರಂಭದಲ್ಲಿ ಹಳ್ಳಿಯ ಒಂದೇ ಕೋಣೆಯ ಶಾಲೆಯಲ್ಲಿ ಎಂಟು ತರಗತಿಗಳ ಮಕ್ಕಳಿಗೆ ಒಬ್ಬಳೇ ಕಲಿಸಿದವಳು. ಒಂದು ತರಗತಿಗೆ ಪಾಠ ಮಾಡುವಾಗ ಉಳಿದ ಏಳು ತರಗತಿಯವರು ಏನು ಮಾಡಬೇಕು? ನಮ್ಮ ಏಕೋಪಾಧ್ಯಾಯ ಶಾಲೆಗಳ ಗುರುಗಳಿಗೆ ಈ ಪ್ರಶ್ನೆಯನ್ನು ವಿವರಿಸಬೇಕಿಲ್ಲ. ಆಕೆ ಮಕ್ಕಳಿಗೆ ಮಾಡುವ ಕೆಲಸವನ್ನು ಬರೆದುಕೊಟ್ಟು ಅವರೇ ಮುಂದುವರಿಯುವಂತೆ ಮಾಡಿದಳು. 1920ರಲ್ಲಿ ಮ್ಯಾಸಚುಸೆಟ್ಸ್‌ನ ಡಾಲ್ಟನ್ ಊರಿನ ಹೈಸ್ಕೂಲಿನಲ್ಲಿ ಅದು ಒಂದು ಪದ್ಧತಿಯಾಗಿ ರೂಪುಗೊಂಡಿತು. ತಿಂಗಳ ಕೆಲಸವನ್ನು ವಿದ್ಯಾರ್ಥಿ ಒಪ್ಪಂದದ ಹಾಗೆ ಒಪ್ಪಿಕೊಳ್ಳುತ್ತಾನೆ. ಯಾವ ವಿಷಯಕ್ಕೆ ಎಷ್ಟು ಹೊತ್ತು ಎಂದು ತಾನೇ ನಿರ್ಧರಿಸುತ್ತಾನೆ. ಅಡ್ಡಿ ಬಂದಾಗ ಆ ವಿಷಯದ ಉಪಾಧ್ಯಾಯರ ಬಳಿ ಹೋಗುತ್ತಾನೆ. ಇದೇ ಡಾಲ್ಟನ್ ಯೋಜನೆ. ಬಿ.ಎಡ್. ಮಾಡಿದ ನಮ್ಮ ಗುರುಗಳು ಈ ಹೆಸರನ್ನು ಪರೀಕ್ಷೆಗೆ ಓದಿಯೇ ಇರುತ್ತಾರೆ.

ಯಂತ್ರ ಬಂತು

1953ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ತನ್ನ ಮಗಳ ನಾಲ್ಕನೇ ತರಗತಿಯ ಗಣಿತದ ಪಾಠ ನೋಡಲು ಹೋದ. ಅವನಿಗೆ ಎರಡು ತಪ್ಪು ಕಂಡವು. ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಹೋಗಬೇಕು. ಮಾಡಿದ ಲೆಕ್ಕ ಸರಿಯೋ ತಪ್ಪೋ ಎಂದು ಆಗಲೇ ತಿಳಿಯುವುದಿಲ್ಲ. ಅವನು ಒಂದು ಬೋಧನಾ ಯಂತ್ರ ಮಾಡಿದ. ಅದರಲ್ಲಿ ಸಣ್ಣ ಸಣ್ಣ ಹೆಜ್ಜೆಯ ಪ್ರಶ್ನೆಗಳು. ಉತ್ತರ ಸರಿಯಾದರೆ ಕೂಡಲೇ ಗೊತ್ತಾಗುತ್ತದೆ, ಮುಂದಿನ ಪ್ರಶ್ನೆ ಬರುತ್ತದೆ. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ಲೇಟೊ ಎಂಬ ವ್ಯವಸ್ಥೆ ಶುರುವಾಗಿ ಕಂಪ್ಯೂಟರೇ ಪಾಠ ಹೇಳತೊಡಗಿತು. ಇಂದು ಮೊಬೈಲಿನಲ್ಲಿ ಬರುವ ಕಲಿಕೆಯ ಆ್ಯಪ್‌ಗಳೆಲ್ಲ ಇದೇ ವಂಶದವು.

ಈ ವಂಶದ ಒಂದು ಕುಡಿಯನ್ನು ನಾನೂ ಬೆಳೆಸಿದ್ದೇನೆ. ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡ ಮಕ್ಕಳ ಗಣಿತಕ್ಕೆ ಒಂದು ಆ್ಯಪ್ ತಯಾರಿಸಿತು. ಮಗು ತಪ್ಪಿದರೆ ಸುಲಭದ ಲೆಕ್ಕ ಕೊಡುವ, ಸರಿ ಮಾಡಿದರೆ ಕಷ್ಟದ್ದು ಕೊಡುವ ಭಾಗವನ್ನು ಬರೆದವನು ನಾನೇ. ಪ್ರಯೋಗಕ್ಕೆಂದು ಒಂದು ಹಳ್ಳಿಯ ಶಾಲೆಗೆ ಟ್ಯಾಬ್‌ಗಳನ್ನು ಕೊಂಡೊಯ್ದೆವು. ಒಬ್ಬಳು ಹುಡುಗಿ ಸಾಲಾಗಿ ಐದು ಕೂಡುವ ಲೆಕ್ಕ ತಪ್ಪು ಮಾಡಿದಳು. ನನ್ನ ಪ್ರೋಗ್ರಾಂ ಅವಳನ್ನು ಒಂದನೇ ತರಗತಿಯ ಮಟ್ಟಕ್ಕೆ ಇಳಿಸಿಬಿಟ್ಟಿತು. ಅವಳ ಕಣ್ಣಲ್ಲಿ ನೀರು. ಪಕ್ಕದಲ್ಲಿ ನಿಂತಿದ್ದ ಅವರ ಟೀಚರ್ ಒಂದು ನಿಮಿಷ ನೋಡಿ ಹೇಳಿದರು: "ಸರ್, ಅವಳಿಗೆ ಲೆಕ್ಕ ಬರುತ್ತೆ. ನಲವತ್ತೇಳಕ್ಕೆ ಮೂವತ್ತೆಂಟು ಕೂಡಿಸಿದಾಳೆ. ಬಿಡಿಸ್ಥಾನದಿಂದ ಶುರು ಮಾಡಿ ಅಂತ ನಾವೇ ಕಲಿಸಿರೋದು. ಅದಕ್ಕೇ ಮೊದಲು ಐದು ಒತ್ತಿದಾಳೆ, ಆಮೇಲೆ ಎಂಟು. ನಿಮ್ಮ ಟ್ಯಾಬು ಅದನ್ನ ಐವತ್ತೆಂಟು ಅಂತ ಓದ್ಕೊಂಡಿದೆ."

ತಪ್ಪು ಮಾಡಿದ್ದು ಹುಡುಗಿಯಲ್ಲ, ನಾನು. ಅಂದು ರಾತ್ರಿಯೇ ಆ ಭಾಗವನ್ನು ಸರಿಮಾಡಿದೆ. ಆದರೆ ಒಂದು ಪಾಠ ಉಳಿಯಿತು. ಉತ್ತರ ತಪ್ಪು ಎಂದು ಯಂತ್ರ ಒಂದು ಕ್ಷಣದಲ್ಲಿ ಹೇಳಬಲ್ಲದು. ಮಗು ಯಾಕೆ ತಪ್ಪಿತು ಎಂದು ತಿಳಿಯಲು ಮಗುವಿನ ಬೆರಳನ್ನೂ ಮುಖವನ್ನೂ ನೋಡುವ ಒಬ್ಬರು ಬೇಕು.

ಯಂತ್ರವನ್ನೇ ನಂಬದೆ ಬೇರೆ ದಾರಿ ಹಿಡಿದವರೂ ಇದ್ದರು. ಸ್ಕಿನ್ನರ್‌ನ ಗೆಳೆಯ ಫ್ರೆಡ್ ಕೆಲ್ಲರ್ 1964ರಲ್ಲಿ ಬ್ರೆಜಿಲ್ ದೇಶದ ಬ್ರೆಸಿಲಿಯಾ ವಿಶ್ವವಿದ್ಯಾಲಯದಲ್ಲಿ ಸಹೋದ್ಯೋಗಿಗಳ ಜೊತೆ ಒಂದು ಪದ್ಧತಿ ರೂಪಿಸಿದ. ಪಾಠವನ್ನು ಸಣ್ಣ ಘಟಕಗಳಾಗಿ ಮಾಡಿ ಬರೆದುಕೊಡುವುದು, ಒಂದು ಘಟಕ ಚೆನ್ನಾಗಿ ಬಂದ ಮೇಲೆಯೇ ಮುಂದಿನದು, ತಪ್ಪಿದರೆ ದಂಡವಿಲ್ಲದೆ ಮತ್ತೆ ಪರೀಕ್ಷೆ. ಪರೀಕ್ಷೆ ನೋಡಿ, ಕೂತು ಮಾತಾಡಿ, ತಿದ್ದುವವರು ಯಾರು? ಅದೇ ಪಾಠವನ್ನು ಮೊದಲೇ ಕಲಿತ ವಿದ್ಯಾರ್ಥಿಗಳು. ಇದನ್ನು ಓದಿ ನನಗೆ ನಗು ಬಂತು. ವಿಶ್ವವಿದ್ಯಾಲಯ ಸುತ್ತಿ ಬಳಸಿ ಬಂದು ನಿಂತದ್ದು ಕೂಲಿಮಠದ ಹಿರಿಯ ಹುಡುಗನ ಬಳಿಗೇ.

1984ರಲ್ಲಿ ಬೆಂಜಮಿನ್ ಬ್ಲೂಮ್ ಎಂಬ ಶಿಕ್ಷಣತಜ್ಞ ಒಂದು ಹೋಲಿಕೆ ಮುಂದಿಟ್ಟ. ಒಬ್ಬರಿಗೋ ಇಬ್ಬರು ಮೂವರಿಗೋ ಒಬ್ಬ ಶಿಕ್ಷಕ ಇದ್ದು, ಕಲಿತದ್ದು ಗಟ್ಟಿಯಾಗುವವರೆಗೆ ತಿದ್ದಿದರೆ, ಸಾಧಾರಣ ವಿದ್ಯಾರ್ಥಿಯೂ ಮಾಮೂಲಿ ತರಗತಿಯ ನೂರರಲ್ಲಿ 98 ಮಂದಿಗಿಂತ ಮುಂದಿರುತ್ತಾನೆ ಎಂದು. ಮುಂದಿನ ಅಧ್ಯಯನಗಳಲ್ಲಿ ಲಾಭ ಅಷ್ಟು ದೊಡ್ಡದಾಗಿ ಕಾಣಲಿಲ್ಲ, ಆದರೆ ಲಾಭವಿದೆ ಎಂಬುದು ಸುಳ್ಳಾಗಲಿಲ್ಲ. ಪ್ರತಿ ಮಗುವಿಗೂ ಒಬ್ಬ ಗುರುವನ್ನು ಯಾವ ಸರ್ಕಾರವೂ ಕೊಡಲಾರದು. ಹಾಗಾದರೆ ತರಗತಿಯಲ್ಲೇ ಅದನ್ನು ಹೇಗೆ ಸಾಧಿಸುವುದು ಎಂಬುದು ಬ್ಲೂಮ್ ಕೇಳಿದ ಪ್ರಶ್ನೆ. ನನಗೆ ತಿಳಿದಂತೆ ಅದಕ್ಕೆ ಒಂದು ಒಳ್ಳೆಯ ಉತ್ತರ ನಮ್ಮ ರಾಜ್ಯದಲ್ಲೇ, ಕಾಡಂಚಿನ ಒಂದು ತಾಲ್ಲೂಕಿನಲ್ಲಿ ಸಿಕ್ಕಿತು.

ಹೆಗ್ಗಡದೇವನಕೋಟೆಯ ಗುರುಗಳು

ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರದಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಒಂದು ವಿಧಾನ ರೂಪಿಸಿದ್ದರು. ಇಡೀ ಪಠ್ಯವನ್ನು ಕಾರ್ಡುಗಳಾಗಿ ಒಡೆದು ಒಂದು ಏಣಿಯ ಹಾಗೆ ಜೋಡಿಸುವುದು. ಪ್ರತಿ ಮಗುವೂ ಆ ಏಣಿಯನ್ನು ತನ್ನ ವೇಗದಲ್ಲಿ ಹತ್ತುವುದು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದರು. ತಾವೇ ಕೂತು ಕನ್ನಡದಲ್ಲಿ ಕಾರ್ಡು, ಹಾಡು, ಆಟಗಳನ್ನು ತಯಾರಿಸಿದರು. ಯುನಿಸೆಫ್ ನೆರವಿನಿಂದ 1995ರಲ್ಲಿ ಅಲ್ಲಿ ಶುರುವಾದದ್ದೇ ನಲಿ-ಕಲಿ. 2009-10ರಿಂದ ರಾಜ್ಯದ ಎಲ್ಲ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ, ಆಮೇಲೆ ಮೂರನೇ ತರಗತಿಗೂ ಅದು ಬಂತು.

ಆ ತಾಲ್ಲೂಕಿನಲ್ಲೇ ಯಾಕೆ ಬೇಕಾಯಿತು ಎಂಬುದು ಗಮನಿಸಬೇಕಾದ ವಿಷಯ. ಅಲ್ಲಿನ ಮಕ್ಕಳು ದಿನವೂ ಶಾಲೆಗೆ ಬರುತ್ತಿರಲಿಲ್ಲ. ಮನೆಯ ಕೆಲಸ, ಕಾಡಿನ ಕೆಲಸ, ಕೂಲಿ. ಮೂರು ವಾರ ಬಿಟ್ಟು ಬಂದ ಮಗುವಿಗೆ ಪಾಠ ಎಲ್ಲೋ ಮುಂದೆ ಹೋಗಿರುತ್ತಿತ್ತು. ಅರ್ಥವಾಗದೆ ಕೂತು ಕೂತು ಒಂದು ದಿನ ಶಾಲೆ ಬಿಡುತ್ತಿತ್ತು. ಏಣಿಯ ವಿಧಾನದಲ್ಲಿ ಆ ಮಗು ಬಿಟ್ಟುಹೋದ ಮೆಟ್ಟಿಲು ಅಲ್ಲಿಯೇ ಇರುತ್ತದೆ. ಬಂದು ಅದರ ಮೇಲೆ ಕಾಲಿಟ್ಟರೆ ಸಾಕು. ಆ ತಾಲ್ಲೂಕಿನ ಗುರುಗಳು ಈ ದಾರಿ ಹುಡುಕಿದ ನಾಲ್ಕೈದು ವರ್ಷಕ್ಕೆ ಇಲ್ಲಿ ನನ್ನ ಗೆಳೆಯ ಕಾಫಿ ಸೀಮೆಯಿಂದ ಬಂದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತಿದ್ದ.

ನನ್ನ ಅಕ್ಕನ ಮಗಳು ಇದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿಯಲ್ಲಿ ಕಲಿತವಳು. ಅವಳು ಎರಡನೇ ತರಗತಿಯಲ್ಲಿದ್ದಾಗ ಒಮ್ಮೆ ಶಾಲೆಗೆ ಹೋಗಿದ್ದೆ. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ಚಪ್ಪರದಲ್ಲಿ ತೂಗುವ ಮಕ್ಕಳ ಕೆಲಸ, ಮಕ್ಕಳ ಕೈಗೆಟಕುವ ಎತ್ತರಕ್ಕೆ ಕಪ್ಪುಹಲಗೆ. ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕೂತಿದ್ದರು. ಪೂರ್ತಿ ಶಿಕ್ಷಕರ ನೆರವು ಬೇಕಾದವರು ಒಂದು ಕಡೆ, ಅರ್ಧ ನೆರವು ಸಾಕಾದವರು ಒಂದು ಕಡೆ, ಗೆಳೆಯರ ನೆರವಿನಿಂದ ಕಲಿಯುವವರು ಒಂದು ಕಡೆ, ತಾವೇ ಕಲಿಯುವವರು ಇನ್ನೊಂದು ಕಡೆ. "ನೀನು ಎಲ್ಲಿದ್ದೀಯಮ್ಮ?" ಎಂದು ಕೇಳಿದೆ. ಅವಳು ಏಣಿಯ ಬಳಿ ಓಡಿಹೋಗಿ ಒಂದು ಚಿತ್ರದ ಮೇಲೆ ಬೆರಳಿಟ್ಟು, "ಇಲ್ಲಿದೀನಿ ಮಾಮ, ಇದು ಮುಗಿದ್ರೆ ಮುಂದಿನ ಮೈಲಿಗಲ್ಲು" ಎಂದಳು. ಎಂಟನೇ ತರಗತಿಯಲ್ಲಿ ನನಗೆ ಸರ್ ಹೇಳುವ ತನಕ ಗೊತ್ತಿರದಿದ್ದ ವಿಷಯ ಏಳು ವರ್ಷದ ಆ ಮಗುವಿಗೆ ಗೊತ್ತಿತ್ತು.

ಎಲ್ಲ ಕಡೆಯೂ ಹೀಗೆ ಚೆನ್ನಾಗಿ ನಡೆಯಿತು ಎಂದು ಹೇಳಲಾರೆ. ಮೂರು ತರಗತಿಗೆ ಒಬ್ಬರೇ ಶಿಕ್ಷಕರು, ಹರಿದ ಕಾರ್ಡುಗಳು, ತುಂಬಬೇಕಾದ ದಾಖಲೆಗಳು, ಬೇರೆ ಬೇರೆ ಇಲಾಖೆಗಳ ಕೆಲಸಗಳು ಇವೆಲ್ಲ ನಮ್ಮ ಗುರುಗಳಿಗೆ ನನಗಿಂತ ಚೆನ್ನಾಗಿ ಗೊತ್ತು. ಶಿಕ್ಷಕರಿಗೆ ಮಗುವನ್ನು ನೋಡಲು ಹೊತ್ತು ಸಿಕ್ಕ ಕಡೆ ಅದು ಬೆಳಗಿತು, ಸಿಗದ ಕಡೆ ಗೋಡೆಯ ಚಿತ್ರವಾಗಿ ಉಳಿಯಿತು.

ಈ ಇನ್ನೂರು ವರ್ಷದ ಕಥೆಯಿಂದ ನಾನು ತಿಳಿದದ್ದೂ ಇಷ್ಟೇ. ಮಗು ಎಲ್ಲಿದೆ ಎಂದು ನೋಡಿ ಅಲ್ಲಿಂದ ಕಲಿಸುವುದು ಹೊಸ ಆವಿಷ್ಕಾರವಲ್ಲ, ನಾವು ಮತ್ತೆ ಮತ್ತೆ ಮರೆತು ಮತ್ತೆ ಮತ್ತೆ ಕಂಡುಕೊಂಡ ಹಳೆಯ ವಿದ್ಯೆ. ಮರಳು, ಕಾರ್ಡು, ಯಂತ್ರ, ಟ್ಯಾಬು ಎಲ್ಲವೂ ಸಾಧನಗಳು. ಕಡಿಮೆ ಜನರಿಂದ, ಕಡಿಮೆ ಖರ್ಚಿನಲ್ಲಿ ಮುಗಿಸಲು ಹೊರಟಾಗಲೆಲ್ಲ ಸಾಧನ ಉಳಿದು ವಿದ್ಯೆ ಹೋಗಿದೆ.

ನಮ್ಮ ಶಾಲೆಗೆ

1974ರಲ್ಲಿ ಶುರುವಾದ ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದೆ. ಹಳೆಯ ವಿದ್ಯಾರ್ಥಿಗಳು ಸೇರಿ ಮಹಾದ್ವಾರ, ರಂಗಮಂದಿರ, ಸ್ಮಾರ್ಟ್ ಕ್ಲಾಸಿಗೆ ದೇಣಿಗೆ ಕೂಡಿಸುತ್ತಿದ್ದೇವೆ. ಅವು ಆಗಲಿ, ನನ್ನ ಪಾಲನ್ನೂ ಕೊಟ್ಟಿದ್ದೇನೆ. ಅದರ ಜೊತೆಗೆ ಮೂರು ಸಣ್ಣ ಕೆಲಸ ಮಾಡಬಹುದೇ ಎಂದು ಗುರುಗಳಲ್ಲಿ, ಗ್ರಾಮಸ್ಥರಲ್ಲಿ ಕೇಳಿಕೊಳ್ಳುತ್ತೇನೆ.

ಮೊದಲನೆಯದು: ಪ್ರತಿ ಜೂನ್‌ನಲ್ಲಿ ಸೇತುಬಂಧದ ಪೂರ್ವ ಪರೀಕ್ಷೆ ಹೇಗೂ ನಡೆಯುತ್ತದೆ. ಯಾವ ಮಗು ಎಲ್ಲಿ ನಿಂತಿದೆ ಎಂಬುದು ಅದರಲ್ಲೇ ಇದೆ. ಆ ಮಾಹಿತಿ ಕಡತಕ್ಕೆ ಹೋಗಿ ಕೂರದೆ, ಪ್ರತಿ ಮಗುವಿಗೆ ಒಂದು ಪುಟವಾಗಿ ವರ್ಷವಿಡೀ ಗುರುಗಳ ಕೈಯಲ್ಲಿರಲಿ. ಅದನ್ನು ಸುಲಭ ಮಾಡಲು ಕಂಪ್ಯೂಟರಿನ ಕೆಲಸ ಏನಿದ್ದರೂ ನಾನು ಮಾಡಿಕೊಡುತ್ತೇನೆ.

ಎರಡನೆಯದು: ಸಂಜೆಯ ಒಂದು ಗಂಟೆ. ನಮ್ಮೂರಿನಲ್ಲೇ ಪಿಯುಸಿ, ಡಿಗ್ರಿ ಮುಗಿಸಿದ ಹಳೆಯ ವಿದ್ಯಾರ್ಥಿಗಳಿದ್ದಾರೆ. ವಾರಕ್ಕೆ ಎರಡು ಸಂಜೆ, ತಲಾ ಮೂರು ಮಕ್ಕಳು. ಹತ್ತನೇ ತರಗತಿಯವರು ಎಂಟನೇ ತರಗತಿಯವರಿಗೆ ಲೆಕ್ಕ ಹೇಳಿಕೊಡಲಿ, ಅದರಿಂದ ಅವರ ಲೆಕ್ಕವೂ ಗಟ್ಟಿಯಾಗುತ್ತದೆ. ನಾನು ತಿಂಗಳಿಗೊಂದು ಶನಿವಾರ ಬರುತ್ತೇನೆ, ಉಳಿದ ದಿನ ಫೋನಿನಲ್ಲಿ ಸಿಗುತ್ತೇನೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಗುಳೆ ಹೋಗುವ ಮನೆಗಳ ಮಕ್ಕಳ ಪಟ್ಟಿಯನ್ನು ದೀಪಾವಳಿಗೆ ಮೊದಲೇ ಮಾಡೋಣ. ಆಗುವುದಾದರೆ ಆ ಮೂರು ತಿಂಗಳು ಮಗು ಅಜ್ಜಿಯ ಮನೆಯಲ್ಲೋ ಹಾಸ್ಟೆಲಿನಲ್ಲೋ ಉಳಿಯುವ ಏರ್ಪಾಡು ಮಾಡೋಣ. ಆಗದಿದ್ದರೆ ಮಾಡಬೇಕಾದ ಪಾಠದ ಹಾಳೆಗಳನ್ನು ಚೀಲದಲ್ಲಿ ಕೊಟ್ಟು ಕಳಿಸೋಣ. ಮರಳಿ ಬಂದ ದಿನ ಬಿಟ್ಟಲ್ಲಿಂದ ಶುರು ಮಾಡೋಣ.

ಕಳೆದ ಜಾತ್ರೆಗೆ ಊರಿಗೆ ಬಂದಾಗ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಆ ಗೆಳೆಯ ಸಿಕ್ಕಿದ್ದ. ಈಗ ಟ್ರ್ಯಾಕ್ಟರ್ ಓಡಿಸುತ್ತಾನೆ. ಒಂದು ಗುಂಟೆಗೆ ಎಷ್ಟಾದರೆ ಮೂರು ಎಕರೆ ಹತ್ತು ಗುಂಟೆಗೆ ಎಷ್ಟು ಎಂದು ಕೇಳಿ, ಅವನು ಬಾಯಲ್ಲೇ ಹೇಳುತ್ತಾನೆ, ನಾನು ಮೊಬೈಲ್ ತೆಗೆಯಬೇಕು. ಚಹಾ ಕುಡಿಯುತ್ತ ಸರ್ ನೋಟ್‌ಬುಕ್ಕಿನ ಮಾತು ಬಂತು. "ಅದರಾಗ ನಂದೂ ಒಂದು ಪುಟ ಇತ್ತಲ್ಲೋ, ಎಲ್ಲಿಗೆ ನಿಂತಿತ್ತೋ ಏನೋ" ಎಂದು ನಕ್ಕ. ಆಮೇಲೆ, "ನನ್ನ ಮಗಳು ಬರೋ ಜೂನಿಗೆ ಎಂಟನೇ ಕ್ಲಾಸಿಗೆ ಬರ್ತಾಳ. ಮನಿಯಾಗಿನವರು ಈಗೂ ಕಾಫಿ ಸೀಮಿಗೆ ಹೋಗ್ತಾರ. ನೀ ಒಂಚೂರು ಹೇಳಿ ಇಡು" ಎಂದ.

ನಾನು ಹೂಂ ಎಂದೆ. ಆ ಮಾತನ್ನು ಒಬ್ಬನೇ ಉಳಿಸಿಕೊಳ್ಳಲಾರೆ. ಅದಕ್ಕೇ ಇಷ್ಟು ಉದ್ದ ಬರೆದೆ. ನಿವೃತ್ತರಾಗಿರುವ ನಮ್ಮ ಗಣಿತದ ಸರ್ ಸಮಾರಂಭಕ್ಕೆ ಬರುತ್ತಾರೆಂದು ಕೇಳಿದ್ದೇನೆ. ಅವರ ಪಾದಕ್ಕೆ ನಮಸ್ಕಾರ. ನನಗೆ ಅಕ್ಷರ, ಅನ್ನ ಎರಡಕ್ಕೂ ದಾರಿ ತೋರಿದ ಶಾಲೆಗೆ ನಮಸ್ಕಾರ.